ತೊಯ್ದ ಕುಪ್ಪಸ

ಹೊಳೆಯ ದಂಡೆಯ ಮಠದಲ್ಲಿ ಅಡವಯ್ಯನವರು ಕೂಸುಗಳಿಗೆ ಔಷಧ ಕೊಡುತ್ತಿದ್ದರು. ಶಿಷ್ಯ ಕಲ್ಲಯ್ಯ ಆರು ವರ್ಷ ಅವರ ಬೆನ್ನ ಹಿಂದೆ ನಿಂತು ಕಲಿತವನು. ನೆತ್ತಿ ಮುಟ್ಟಿ, ನಾಲಿಗೆ ನೋಡಿ ರೋಗ ಹೇಳುವಷ್ಟು ಕಲಿತಿದ್ದ. ತನಗೆ ಬರುತ್ತದೆ ಎಂಬ ಜಂಬವನ್ನೂ ಕಲಿತಿದ್ದ.

ಬೇರು ತರಲು ಗುಡ್ಡಕ್ಕೆ ಹೊರಟ ಗುರುಗಳು ಹೇಳಿದರು: "ಮೂರು ದಿನ ನೀನೇ ನೋಡ್ಕೊ. ಬಂದ ಮ್ಯಾಲ ನಿನ್ನ ಬ್ಯಾರೆ ಊರಾಗ ಔಷಧ ಕೊಡಾಕ ಕೂಡಿಸೋ ವಿಚಾರ ಮಾಡೋಣು."

ಅವತ್ತೇ ಬಾಳವ್ವ ಎಂಬ ಮುದುಕಿ ಎಂಟು ತಿಂಗಳ ಮೊಮ್ಮಗನನ್ನು ಮಡಿಲಲ್ಲಿ ಹಾಕಿಕೊಂಡು ಬಂದು ಕೂತಳು. ಸೊಸೆ ನೀಲವ್ವ ತಲೆ ತುಂಬ ಸೆರಗು ಹೊದ್ದು ಕಂಬದ ಮರೆಗೆ ನಿಂತಳು.

"ನಿನ್ನೆಯಿಂದ ಭೇದಿರೀ," ಎಂದಳು ಬಾಳವ್ವ. "ಬರೇ ನೀರು. ಅರಿವಿ ಒಗದು ಒಗದು ಕೈ ಬಿದ್ದುಹೋದವು."

ಕಲ್ಲಯ್ಯ ಕೂಸಿನ ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟ. ಅದು ತಡವಾಗಿ ಕೂತಿತು. ನೆತ್ತಿ ಒಳಗಿಳಿದಿತ್ತು. ಕೂಸು ಅತ್ತಿತು, ಕಣ್ಣೀರು ಬರಲಿಲ್ಲ.

"ಮೈಯಾಗಿನ ನೀರು ಹೊಂಟೈತಿ. ಹೋದಷ್ಟೂ ಒಳಗ ಹಾಕಬೇಕು. ತಾಯಿ ಹಾಲು ಕುಡೀತಾನಿಲ್ಲೋ?"

"ಕುಡೀದ ಏನು ಮಾಡ್ತಾನ್ರಿ!"

ಕಂಬದ ಮರೆಯಿಂದ "ಅಲ್ರೀ..." ಎಂಬ ಸಣ್ಣ ದನಿ ಬಂತು.

"ಏ, ದೊಡ್ಡವರು ಮಾತಾಡೋ ಮುಂದ ನಿಂದೇನ ನಡುವ?" ಬಾಳವ್ವ ತಿರುಗಿ ಸಹ ನೋಡಲಿಲ್ಲ.

ಕಲ್ಲಯ್ಯ ನೋಡಿದ. ನೀಲವ್ವನ ಕುಪ್ಪಸ ಹಾಲಿನಿಂದ ತೊಯ್ದುಹೋಗಿತ್ತು. ಪರರ ಮನೆಯ ಹೆಣ್ಣುಮಗಳು ಎಂದು ಅವನು ಥಟ್ಟನೆ ಕಣ್ಣು ತೆಗೆದ. ಹಿರಿಯಳು ಎದುರಿಗೆ ಕೂತಿರುವಾಗ ಸೊಸೆಯನ್ನು ಮಾತಾಡಿಸುವುದೂ ಅವನಿಗೆ ಮರ್ಯಾದೆ ಎನಿಸಲಿಲ್ಲ.

"ಎದಿಹಾಲು ನಿಲ್ಲಿಸಬ್ಯಾಡ್ರಿ," ಎಂದು ಬಾಳವ್ವನಿಗೆ ಹೇಳಿದ. "ತೆಳ್ಳನ ಗಂಜಿಗೆ ಚಿಟಿಕಿ ಉಪ್ಪು ಹಾಕಿ ಚಮಚ ಚಮಚ ಕುಡಿಸ್ರಿ. ಈ ಪುಡಿ ದಿನಕ್ಕ ಎರಡು ಸಲ. ಉಚ್ಚಿ ನಿಂತರ, ಕೂಸು ಮಂಕಾದರ, ಹೊತ್ತು ನೋಡಬ್ಯಾಡ್ರಿ, ಎತ್ಕೊಂಡು ಓಡಿ ಬರ್ರಿ."

ಒಂದೊಂದು ಮಾತಿಗೂ ಬಾಳವ್ವ ತಲೆಯಾಡಿಸಿದಳು. "ಹಂಗೇ ಮಾಡ್ತೀವ್ರಿ."

ತಲೆಯಾಡಿಸಿದ ಗಿರಾಕಿಯೆಲ್ಲ ಮಾಲು ಒಯ್ಯುವುದಿಲ್ಲ. ಅದು ಅಂಗಡಿಯಲ್ಲಿ ಕೂತವನಿಗೆ ಗೊತ್ತು. ಕಲ್ಲಯ್ಯ ಮಠದಲ್ಲಿ ಬೆಳೆದವನು. ಪೊಟ್ಟಣ ಕಟ್ಟುವ ದಾರ ಸುತ್ತಿಡುತ್ತ, ತನ್ನನ್ನು ಯಾವ ಊರಿಗೆ ಕಳಿಸಬಹುದು ಎಂದು ಲೆಕ್ಕ ಹಾಕಿದ.

ಮೂರು ದಿನದ ಮೇಲೆ ಗುರುಗಳು ಮರಳಿ ಬಂದು ಕಾಲು ತೊಳೆಯುತ್ತಿದ್ದರು. ಹೊಳೆಗೆ ನೀರಿಗೆ ಬಂದ ನೀಲವ್ವ ಕೊಡ ಹಿಡಿದು ಮಠದ ಕಟ್ಟೆಯ ಹತ್ತಿರ ನಿಂತಳು. ಉಳಿದ ಪುಡಿಯ ಪೊಟ್ಟಣಗಳನ್ನು ಕಟ್ಟೆಯ ಮೇಲಿಟ್ಟಳು.

"ಕೂಸು ಹೆಂಗೈತಿ ತಂಗೀ?" ಎಂದು ಕಲ್ಲಯ್ಯ ಕೇಳಿದ.

"ನಿನ್ನೆ ಮಣ್ಣು ಮಾಡಿದ್ವಿರಿ."

ಕಲ್ಲಯ್ಯ ಕಟ್ಟೆಯ ಮೇಲಿನ ಪೊಟ್ಟಣಗಳನ್ನು ನೋಡಿದ. "ಪುಡಿ... ಪುಡಿ ಕೊಡಲಿಲ್ಲೇನು?"

"ಹೊತ್ತಿಗೆ ಸರಿಯಾಗಿ ಕೊಟ್ಟಾರ್ರಿ. ನನ್ನ ಹಾಲು ಮಾತ್ರ ಭೇದಿ ಹತ್ತಿದಾಗಿಂದ ಬಿಡಿಸಿದ್ರು. ಗಂಜೀನೂ ಇಲ್ಲ. ಒಳಗ ಹೋದರ ತಾನೇ ಹೊರಗ ಬರೂದು, ಅಂದ್ರು."

"ಅವತ್ತು ನೀ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ದು ನಮ್ಮತ್ತೀನ್ನರಿ."

ಅವಳು ಹೊಳೆಗೆ ಇಳಿದು ಹೋದಳು.

ಕಲ್ಲಯ್ಯ ಗುರುಗಳ ಕಡೆ ತಿರುಗಿದ. "ಆ ಮುದುಕಿ ಸುಳ್ಳು ಹೇಳಿದ್ಲು ಅಪ್ಪಾವ್ರ! ನಾನು ರೋಗ ಸರಿಯಾಗೇ ಹಿಡದಿದ್ದೆ. ಔಷಧಾನೂ ಸರಿಯಾಗೇ ಹೇಳಿದೆ."

"ಯಾರಿಗೆ ಹೇಳಿದಿ?"

"ಕೂಸು ಯಾರ ಮಡಿಲಾಗಿತ್ತೋ ಅವರಿಗೆ."

"ಹಾಲು ಯಾರ ಹತ್ರ ಇತ್ತು?"

ಕಲ್ಲಯ್ಯ ಹೊಳೆಯ ಕಡೆ ನೋಡಿದ.

"ತಾಯಿ ಕುಪ್ಪಸ ಹೆಂಗಿತ್ತು?"

"ತೊಯ್ದಿತ್ತು... ಹೆಣ್ಣುಮಗಳು ಅಂತ ಕಣ್ಣು ತಗದೆ."

"ಕೂಸು ಕುಡೀತಿದ್ದರ ಅಷ್ಟು ಹಾಲು ಅರಿವಿಗೆ ಯಾಕ ಸೋರ್ತಿತ್ತು ತಮ್ಮಾ?"

ಕಲ್ಲಯ್ಯ ಹೆಗಲ ವಸ್ತ್ರ ತೆಗೆದು ಕೆಳಗಿಟ್ಟ.

"ನನಗ ಈ ಕೆಲಸ ಬ್ಯಾಡ್ರಿ. ಇನ್ನೊಂದು ಕೂಸಿನ ಮೈ ಮುಟ್ಟಂಗಿಲ್ಲ. ನಾಳೆ ನಮ್ಮೂರಿಗೆ ಹೋಗಿಬಿಡ್ತೀನಿ."

ತುಂಬಿದ ಕೊಡ ಸೊಂಟಕ್ಕಿಟ್ಟು ನೀಲವ್ವ ದಂಡೆ ಹತ್ತುತ್ತಿದ್ದಳು. ಗುರುಗಳು ಅವಳು ಕಣ್ಮರೆಯಾಗುವ ತನಕ ನೋಡಿದರು.

"ಹೋಗು. ನಿನಗಾದರ ಬಿಟ್ಟುಹೋಗಾಕ ಬರತೈತಿ. ಆಕಿ ಈಗ ಮನಿಗೆ ಹೋಗಿ ಅದೇ ಅತ್ತಿಗೆ ರೊಟ್ಟಿ ಬಡೀಬೇಕು."