ಮುಪ್ಪಿನ ಕಣಜ

“ಮುಪ್ಪಿಗೆಂದು ಕೂಡಿಡಲು ಹಲವು ಕಣಜಗಳುಂಟು. ಅವುಗಳಲ್ಲಿ ಯಾವುದು ಮೇಲು, ಗುರುಗಳೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದನು. ದೋಣಿ ದಾಟಿದವರು ಕೂಲಿಯೆಂದು ಜೋಳ ಕೊಡುತ್ತಿದ್ದರು. ತೋಳಿನ ಕಸುವು ಇಂಗಿದ ಮೇಲೆ ಏನು ಗತಿ ಎಂಬ ಯೋಚನೆ ಅವನಿಗೆ ಹರೆಯದಲ್ಲೇ ಹತ್ತಿತು. ಊರಿನಲ್ಲಿ ಎರಡು ಕಣಜಗಳಿದ್ದವು. ಎರಡು ಕಡೆಯೂ ಕಾಳನ್ನು ಬಿತ್ತನೆಗೆ ಕೊಟ್ಟು ಹೆಚ್ಚಿಸುತ್ತಿದ್ದರು. ಆದರೆ ಇಟ್ಟವನ ತಲೆ ನರೆಯುವ ತನಕ ಹಿಂದಕ್ಕೆ ಕೊಡುತ್ತಿರಲಿಲ್ಲ. ವರ್ತಕರ ಕಣಜದಲ್ಲಿ ಇಡುವಾಗಲೇ ಅರಸನ ಪಾಲನ್ನು ಮುರಿದುಕೊಳ್ಳುತ್ತಿದ್ದರು. ಆಮೇಲೆ ಬೆಳೆದದ್ದೆಲ್ಲ ಇಟ್ಟವನದೇ. ಅರಮನೆಯ ಕಣಜದಲ್ಲಿ ಇಡುವಾಗ ಒಂದು ಕಾಳನ್ನೂ ಮುಟ್ಟುತ್ತಿರಲಿಲ್ಲ. ತೆಗೆಯುವಾಗ ಪಾಲು ಕೇಳುತ್ತಿದ್ದರು.

“ಎಷ್ಟು ಪಾಲು?” ಎಂದು ಅಂಬಿಗನು ಅರಮನೆಯ ಕಣಜಗಾರನನ್ನು ವಿಚಾರಿಸಿದನು.

“ಅಂದಿನ ಅರಸ ಕೇಳಿದಷ್ಟು.”

ಅಂಬಿಗನು ಬಹಳ ತೂಗಿ ನೋಡಿ ಅರಮನೆಯನ್ನೇ ಆರಿಸಿದನು. ಅವನ ಹೆಂಡತಿ ಮಾತ್ರ ಒಂದಿಷ್ಟು ಜೋಳವನ್ನು ಹಿತ್ತಿಲಿನ ಹಗೇವಿನಲ್ಲಿ ತುಂಬಿ ಮಣ್ಣು ಮುಚ್ಚಿದಳು. ನೆಲದ ಕುಳಿಯಲ್ಲಿ ಕಾಳು ಹೆಚ್ಚುವುದಿಲ್ಲವೆಂದು ಅವನು ನಕ್ಕನು.

“ಹೆಚ್ಚದಿದ್ದರೆ ಬೇಡ, ಕೈಗೆಟುಕಿದರೆ ಸಾಕು” ಎಂದಳು.

ಹೊಳೆ ತುಂಬಿ ಬಂದ ಒಂದು ದಿನ, ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಅಂಬಿಗನ ಬಲಗೈ ಜಜ್ಜಿಹೋಯಿತು. ಅವನು ಅರಮನೆಗೆ ಹೋದನು. ಕಣಜಗಾರನು ಅವನ ತಲೆಯನ್ನು ನೋಡಿ, “ಕೂದಲು ಇನ್ನೂ ಕಪ್ಪಗಿದೆ” ಎಂದನು.

“ಕೈ ಹೋಯಿತಲ್ಲ, ಸ್ವಾಮಿ!”

“ಕಟ್ಟಳೆ ಇರುವುದು ಕೂದಲಿಗೆ, ಕೈಗಲ್ಲ.”

ಹೆಂಡತಿ ಹಗೇವು ತೆರೆದಳು. ಅದು ಬರಿದಾಗುವಷ್ಟರಲ್ಲಿ ಅವಳು ಹುಟ್ಟು ಹಾಕುವುದನ್ನು ಕಲಿತಿದ್ದಳು. ಮುಂದೆ ಹೊಳೆ ದಾಟಿಸಿದವಳು ಅವಳೇ.

ಕಾಲ ಕಳೆದು ಇಬ್ಬರ ತಲೆಯೂ ನರೆಯಿತು, ಅವಳ ತೋಳೂ ಸೋತಿತು. ಅಂಬಿಗನು ಮತ್ತೆ ಅರಮನೆಗೆ ಹೋದನು. ಹೊಸ ಅರಸನು ಮೂರರಲ್ಲಿ ಒಂದು ಪಾಲು ತೆಗೆದುಕೊಂಡನು. ಆದರೂ ಗಾಡಿ ತುಂಬಿತು. ವರ್ತಕರಲ್ಲಿ ಇಟ್ಟಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇ ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿದನು, ಬಗೆಹರಿಯಲಿಲ್ಲ. ಗಾಡಿಯನ್ನು ಕಂಡು ಹೆಂಡತಿ, “ಇದು ಹಿತ್ತಿಲಲ್ಲಿ ಇದ್ದಿದ್ದರೆ ಎಂದೋ ತಿಂದು ಮುಗಿಸುತ್ತಿದ್ದೆವು” ಎಂದಳು. ಅಂದಿನಿಂದ ಇಬ್ಬರೂ ಕೊನೆಯವರೆಗೆ ಅದನ್ನೇ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಬಿಡಲಿಲ್ಲ. “ಕೊನೆಗೂ ಯಾವುದು ಮೇಲೆಂದು ತಾವು ಹೇಳಲೇ ಇಲ್ಲವಲ್ಲ?”

“ನಿನ್ನ ಮುಪ್ಪು ಯಾವ ದಿನ ಬರುತ್ತದೆ ಹೇಳು, ಕಣಜ ಯಾವುದೆಂದು ನಾನು ಹೇಳುತ್ತೇನೆ.”