ಉಳಿಮುಟ್ಟದ ಗುಡ್ಡ

ಬೊಮ್ಮನಾಳದಿಂದ ಮೂಡಣಕ್ಕೆ ಅರ್ಧ ಹರದಾರಿ ನಡೆದರೆ ಉಳಿಮುಟ್ಟದ ಗುಡ್ಡ ಸಿಗುತ್ತದೆ. ಸುತ್ತಣ ಗುಡ್ಡಗಳನ್ನೆಲ್ಲ ಜಲ್ಲಿ ಕ್ರಷರುಗಳು ತಿಂದು ತೇಗಿದ್ದರೂ ಇದೊಂದು ಹಾಗೇ ಉಳಿದಿದೆ. ಇಲ್ಲಿ ಆರು ಬಂಡೆಗಳಿಗೆ ಆರು ಗುಡಿಗಳು. ಒಂದು ಜ್ವರಕ್ಕೆ, ಇನ್ನೊಂದು ತಪ್ಪಿಸಿಕೊಂಡ ದನಕ್ಕೆ, ಮತ್ತೊಂದು ಕೋರ್ಟು ಕಚೇರಿಗೆ. ಪೂಜಾರಿಗಳನ್ನು ಕೇಳಿದರೆ ಆರು ಮಂದಿ ಅಕ್ಕತಂಗಿಯರು ಆಕಾಶದಿಂದ ಇಳಿದರು ಎನ್ನುತ್ತಾರೆ. ಇಳಿದಿರಲಿ, ನನಗೇನೂ ತಕರಾರಿಲ್ಲ. ಆದರೆ ಈ ಊರಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಕಲ್ಲುಕುಟಿಗರ ಓಣಿಯಲ್ಲಿ ಕೇಳಿದ ಕತೆಯೇ ನಿಜವೆಂದು ನನಗೆ ಖಾತ್ರಿ.

ಹಿಂದೆ ಒಮ್ಮೆ ಊರವರೆಲ್ಲ ಸೇರಿ ಹೊಸ ಕೆರೆಗೆ ಏರಿ ಹಾಕಿದರಂತೆ. ನೀರು ಹೊರಬಿಡುವ ತೂಬಿಗೆ ಮಾತ್ರ ಕಲ್ಲು ಬರಬೇಕಿತ್ತು. ಮಳೆಗೆ ಮುಂಚೆ ತೂಬು ನಿಲ್ಲದಿದ್ದರೆ ತುಂಬಿದ ನೀರು ದಾರಿ ಕಾಣದೆ ಹಸಿ ಏರಿಯನ್ನು ಒಡೆದು ಕೆಳಗಿನ ಕೇರಿಯ ನಲವತ್ತು ಮನೆಗಳ ಮೇಲೆ ಹಾಯುತ್ತಿತ್ತು. ಕಲ್ಲು ಕೊಡುತ್ತೇನೆಂದು ಮಾತು ಕೊಟ್ಟವನು ಹುಲುಗಪ್ಪನೆಂಬ ಕಲ್ಲುಕುಟಿಗ. ಅವನ ಮನೆಯೂ ಅದೇ ಕೇರಿಯಲ್ಲಿತ್ತು. ಅವನ ಮಂದಿಯಲ್ಲಿ ಒಂದು ಕಟ್ಟಳೆ. ಉಳಿ ಇಡುವ ಮುನ್ನ ಬಂಡೆ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಒಂದು ದಿನ ಸುಮ್ಮನೆ ಬಿಡಬೇಕು. ಒಳಗೆ ಯಾರಾದರೂ ವಾಸವಿದ್ದರೆ ಎದ್ದುಹೋಗಲಿ ಎಂದು. ಹುಲುಗಪ್ಪ ಈ ಗುಡ್ಡದಲ್ಲಿ ಒಳ್ಳೆಯ ಬಂಡೆಯೊಂದನ್ನು ಆರಿಸಿ, ಎಲ್ಲ ಮಾಡಿ ಮನೆಗೆ ಹೋದ.

ಆ ದಿನವೇ ಬಳೆಗಾರ್ತಿ ಸಾಂತವ್ವ ಜ್ವರದ ಮಗುವನ್ನು ಹೊತ್ತುಕೊಂಡು ಆ ದಾರಿಯಲ್ಲಿ ಬಂದಳು. ಹಸಿ ಕುಂಕುಮ ಕಂಡು ಕೈಮುಗಿದಳು, ಚೂರು ಮಗುವಿನ ಹಣೆಗೂ ಹಚ್ಚಿದಳು. ಸಂಜೆಗೆ ಜ್ವರ ಇಳಿಯಿತು. ಬೆಳಗಾಗುವುದರೊಳಗೆ ಸುದ್ದಿ ಮೂರು ಓಣಿ ದಾಟಿತ್ತು. ಹುಲುಗಪ್ಪ ಉಳಿ ಸುತ್ತಿಗೆ ಹಿಡಿದು ಬಂದರೆ ಬಂಡೆಯ ಮುಂದೆ ಹನ್ನೊಂದು ಮಂದಿ ಹೆಂಗಸರು.

“ಯವ್ವಾ, ಇದು ದೇವರಲ್ಲ. ನಿನ್ನೆ ನಾನ ಹಚ್ಚಿದ ಕುಂಕುಮ ಐತಿ.”

“ನೀ ಹಚ್ಚಿದ್ದು ಖರೆ ಐತಿ,” ಎಂದಳು ಸಾಂತವ್ವ. “ನಿನ್ನ ಕೈಲೆ ಹಚ್ಚಿಸಿದಾಕಿ ಯಾರು?”

ಪಾಪ, ಅವನು ಉಳಿ ಸುತ್ತಿಗೆ ಎತ್ತಿಕೊಂಡು ಹೊರಟ. ಬೇರೆ ಬಂಡೆ ಹುಡುಕಿ, ಕಟ್ಟಳೆಯಂತೆ ಅದಕ್ಕೂ ಕುಂಕುಮ ಹಚ್ಚಿದ. ಮರುದಿನ ಅದಕ್ಕೂ ಹೂವು ಬಿದ್ದಿತ್ತು. ಅವನು ಅಲ್ಲವೆಂದಷ್ಟೂ, ಕಲ್ಲುಕುಟಿಗನೇ ಮುಟ್ಟಲು ಅಂಜಿದ ದೇವರು ಎಂದು ಹೆಸರು ಹಬ್ಬಿತು. ಜ್ವರ ಬಿಡದವರು ತಮ್ಮ ಭಕ್ತಿಯೇ ಸಾಲದೆಂದು ಬಾಯಿ ಮುಚ್ಚಿಕೊಂಡರು. ಬಿಟ್ಟವರು ಊರೂರಿಗೆ ಹೇಳಿದರು. ಸಾಂತವ್ವನಂತೂ ಬಳೆಯ ಜೊತೆ ಕತೆಯನ್ನೂ ತೊಡಿಸಿ ಬರುತ್ತಿದ್ದಳು. ಅವಳು ಸುಳ್ಳುಗಾತಿಯಲ್ಲ, ಅವಳ ಮಗು ಬದುಕಿತ್ತು. ನಂಬಿಕೆ ಊರು ದಾಟಲು ಗಾಡಿ ಬೇಡ, ಹೇಳುವ ಒಂದು ಬಾಯಿ, ಕೇಳಬೇಕೆಂದಿರುವ ಒಂದು ಕಿವಿ ಸಾಕು. ತಿಂಗಳೊಪ್ಪತ್ತಿನಲ್ಲಿ ಹೀಗೆ ಆರು ಬಂಡೆಗಳು ಕೈಬಿಟ್ಟುಹೋದವು.

ಪಡುವಣಕ್ಕೆ ಮೋಡ ಕಟ್ಟಿತು. ಏಳನೆಯ ಬಂಡೆಯ ಮುಂದೆ ಹುಲುಗಪ್ಪ ಕುಂಕುಮದ ಭರಣಿ ಹಿಡಿದು ಕೂತಿದ್ದ. ಹೆಂಡತಿ ದುರುಗವ್ವ ಅದನ್ನು ಕಸಿದುಕೊಂಡಳು. “ಹಚ್ಚಿದಿ ಅಂದ್ರ ಇದೂ ಹೋತು. ಕೇರಿ ತೇಲಿ ಹೋದಮ್ಯಾಲೆ ಯಾರ ಸಲುವಾಗಿ ಪೂಜಿ ಮಾಡ್ತಿ? ಹೊಡಿ!”

ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವನು ಅಪ್ಪಣೆ ಕೇಳದೆಯೇ ಕಲ್ಲಿಗೆ ಉಳಿ ಇಟ್ಟ. ಕಣ್ಣು ಮುಚ್ಚಿ ಹೊಡೆದ. ಕಲ್ಲು ಮಾತ್ರ ನೆಟ್ಟಗೆ ಸೀಳಿತು. ತೂಬು ನಿಂತ ಮೂರನೆಯ ದಿನ ಮಳೆ ಹಿಡಿಯಿತು, ಕೆರೆ ತುಂಬಿತು, ಏರಿ ಅಲುಗಲಿಲ್ಲ. ಕೇರಿಯವರು ಕುಣಿಯುತ್ತಿದ್ದರೆ ಹುಲುಗಪ್ಪ ಒಬ್ಬನೇ ಏರಿಯ ಹಿಂದೆ ಇಳಿದು, ತೂಬಿನ ಬಾಯಿಗೆ ಇಟ್ಟ ಕಲ್ಲಿನ ಮೇಲೆ ಅಂಗೈ ಊರಿ, “ತಪ್ಪಾತವ್ವ” ಎಂದು ಅತ್ತನಂತೆ. ಆ ಗುಡ್ಡಕ್ಕೆ ಇನ್ನು ನಮ್ಮವರಾರೂ ಉಳಿ ಮುಟ್ಟಿಸಬಾರದು ಎಂದು ತನ್ನ ಮಂದಿಗೆಲ್ಲ ಆಣೆ ಹಾಕಿದ. ಗುಡ್ಡಕ್ಕೆ ಈ ಹೆಸರು ಬಂದದ್ದು ಹಾಗೆ.

ವರ್ಷದ ಮೊದಲ ನೀರು ಬಿಡುವ ದಿನ ಕೆರೆಗೆ ಬಂದವರು ಈಗಲೂ ನೋಡಬಹುದು. ಹುಲುಗಪ್ಪನ ವಂಶದ ಹಿರಿಯ ಮೆಟ್ಟಿಲಿಳಿದು, ಆ ಕಲ್ಲು ಮುಟ್ಟಿ “ತಪ್ಪಾತವ್ವ” ಎನ್ನುತ್ತಾನೆ. ಮೊದಲು ಆ ಮನೆಯವರಷ್ಟೇ ಅನ್ನುತ್ತಿದ್ದರು. ಆಮೇಲೆ ಹಿಂದೆ ನಿಂತವರು ಶುರುಮಾಡಿದರು. ಈಗ ಸಾಲು ಡಾಂಬರು ರಸ್ತೆಯ ತನಕ ಇರುತ್ತದೆ. ಹೋದ ವರ್ಷ ಪರವೂರಿನ ಹೆಣ್ಣುಮಗಳೊಬ್ಬಳು ಹಾಗೆ ಹೇಳಿ ಮೇಲೆ ಬಂದಳು. “ಏನು ತಪ್ಪು ಮಾಡೀರಿ ತಾಯಿ?” ಎಂದು ನಗುತ್ತಲೇ ಕೇಳಿದೆ.

“ಎಲ್ಲಾರೂ ಅಂದ್ರು, ನಾನೂ ಅಂದೆ ನೋಡ್ರಿ.” ಎರಡು ಹೆಜ್ಜೆ ಹೋದವಳು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮತ್ತಿ ಇದ್ದಾಗ ಅನ್ನಬೇಕಿತ್ತರೀ.”

ಕತೆಯೆಲ್ಲ ಬಲ್ಲ ನಾನು ಚಪ್ಪಲಿ ಬಿಟ್ಟು ಸಾಲಿನ ಕೊನೆಗೆ ಹೋಗಿ ನಿಂತೆ.