ಮೊದಲ ಡಿಕಾಕ್ಷನ್ ಯಾರಿಗೆ?

ನಿವೃತ್ತ ಅಮಲ್ದಾರ್ ತಿರುಮಲರಾಯರು ಮಹಾ ಜುಗ್ಗ. ‘ಮೊದಲ ಡಿಕಾಕ್ಷನ್ ನೆಂಟರಿಗೆ ಮಾತ್ರ. ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ್ದು ನಮಗೆ. ತಪ್ಪಿದರೆ ಕೆಲಸದಿಂದ ತೆಗೀತೀನಿ!’ ಎಂದು ಅಡುಗೆಯ ಅಚ್ಚಮ್ಮನಿಗೆ ಕಟ್ಟಪ್ಪಣೆ. ಜುಗ್ಗರ ಮನೆಗೆ ಯಾವ ನೆಂಟರು ಬರುತ್ತಾರೆ? ಗಟ್ಟಿ ಡಿಕಾಕ್ಷನ್ ದಿನಾ ಮೋರಿ ಸೇರುತ್ತಿತ್ತು, ಅಚ್ಚಮ್ಮನ ಹೊಟ್ಟೆ ಉರಿಯುತ್ತಿತ್ತು.

ಒಂದು ಬೆಳಗ್ಗೆ ರಾಯರು ಜಗಲಿಗೆ ಹೋದದ್ದೇ ತಡ, ಅವಳು ಬಾಗಿಲು ಹಾಕಿಕೊಂಡಳು. ರಾಯರು ರೇಗಿ ದಬದಬ ಬಡಿದರು. ಅಚ್ಚಮ್ಮ ತೆರೆದು, ‘ಓಹೋ, ಬನ್ನಿ ಬನ್ನಿ! ಎಷ್ಟು ದಿನಕ್ಕೆ ಬಂದ್ರಿ! ಕೂತ್ಕೊಳ್ಳಿ, ಕಾಫಿ ತರ್ತೀನಿ’ ಎಂದಳು.

ಬೈಯಲು ಬಾಯಿ ತೆರೆದವರ ಮೂಗಿಗೆ ಗಟ್ಟಿ ಡಿಕಾಕ್ಷನ್ನಿನ ಘಮ ಅಡರಿತು. ರಾಯರು ಲೋಟ ಬರಿದು ಮಾಡಿ ತೆಪ್ಪಗೆ ಒಳಗೆ ಹೋದರು.

ಮರುದಿನ ಬೆಳಗ್ಗೆ ಮತ್ತೆ ಬಾಗಿಲು ಬಡಿದ ಸದ್ದು. ತೆರೆದರೆ ರಾಯರೇ, ಕೋಟು ಪೇಟ ಸಮೇತ.

‘ಏನಿಲ್ಲ, ಹೀಗೇ ಈ ಕಡೆ ಬಂದಿದ್ದೆ’ ಎಂದರು.